ಡೆಸ್ಕ್‌ಟಾಪ್ ಕೊಳ್ಳುವಾಗ ಯಾವ ಕಂಪನಿಯನ್ನು ನಂಬಬೇಕು?
ಡೆಸ್ಕ್‌ಟಾಪ್ ಕಂಪ್ಯೂಟರಿನ ಬಾಳಿಕೆ ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಅದರ ಮಾದರಿಯನ್ನು ಅವಲಂಬಿಸಿದೆ. ಡೆಲ್‌ನ ಹಿಂದಿನ ಆಪ್ಟಿಪ್ಲೆಕ್ಸ್, ಎಚ್‌ಪಿಯ ಪ್ರೊಡೆಸ್ಕ್, ಲೆನೊವೊದ ಥಿಂಕ್‌ಸೆಂಟರ್ ಕಚೇರಿಗಳಿಗೆಂದೇ ರೂಪಿಸಿದವು. ಮನೆಬಳಕೆಯ ಅಗ್ಗದ ಮಾದರಿಗಳಿಗಿಂತ ಇವುಗಳ ಬಿಡಿಭಾಗ ಸಿಗುವುದೂ ರಿಪೇರಿ ಮಾಡುವುದೂ ಸುಲಭ. ಆದರೂ ಹೆಸರೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಹಲವು ಕಂಪನಿಗಳ ಮದರ್‌ಬೋರ್ಡ್‌ಗಳಿಗೆ ಕಳಪೆ ಕೆಪಾಸಿಟರ್‌ಗಳು ಸೇರಿಕೊಂಡವು. ಪುಟ್ಟ ಡಬ್ಬಿಯಂತಿರುವ ಅವುಗಳ ಚಪ್ಪಟೆ ತಲೆ ಉಬ್ಬಿ, ಒಳಗಿನ ದ್ರವ ಕಂದು ಕಲೆಯಾಗಿ ಒಸರಿ, ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಆಪ್ಟಿಪ್ಲೆಕ್ಸ್ ಜಿಎಕ್ಸ್270 ಕೂಡ ಇದಕ್ಕೆ ತುತ್ತಾಯಿತು. 2005ರಲ್ಲಿ ಡೆಲ್ ಇಂಥ ಯಂತ್ರಗಳ ದುರಸ್ತಿಗಾಗಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ದೊಡ್ಡ ಕಂಪನಿಯ ನಿಜವಾದ ಬೆಲೆ ಕಾಣುವುದು ಇಲ್ಲೇ: ಕೆಟ್ಟದ್ದನ್ನು ಸರಿಪಡಿಸಿಕೊಡುವ ಶಕ್ತಿ ಅದಕ್ಕಿರುತ್ತದೆ. ಹಾಗಾಗಿ ವಾರಂಟಿ ಎಷ್ಟು ವರ್ಷ ಎಂದಷ್ಟೇ ಕೇಳಿದರೆ ಸಾಲದು. ತಂತ್ರಜ್ಞರು ಮನೆಗೇ ಬರುತ್ತಾರೆಯೇ, ಸರ್ವಿಸ್ ಸೆಂಟರ್ ತಾಲ್ಲೂಕು ಕೇಂದ್ರದಲ್ಲಿದೆಯೇ ಅಥವಾ ಜಿಲ್ಲಾ ಕೇಂದ್ರಕ್ಕೇ ಹೊತ್ತೊಯ್ಯಬೇಕೇ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ತಿಳಿದುಕೊಳ್ಳಬೇಕು. ಕಂಪನಿಯ ಡೆಸ್ಕ್‌ಟಾಪ್ ಬದಲು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಿದರೆ ಒಂದೊಂದು ಭಾಗಕ್ಕೂ ಒಂದೊಂದು ವಾರಂಟಿ. ಬಿಲ್ಲಿನಲ್ಲಿ ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿಕೊಳ್ಳುವುದು ಲೇಸು. ಅಲ್ಲಿ ಹಣ ಉಳಿಸಲೇಬಾರದ ಭಾಗ ಪವರ್ ಸಪ್ಲೈ. ಅದು ಕಳಪೆಯಾಗಿದ್ದರೆ ಕೆಡುವಾಗ ಮದರ್‌ಬೋರ್ಡ್, ಹಾರ್ಡ್ ಡಿಸ್ಕ್‌ಗಳನ್ನೂ ಸುಟ್ಟುಹಾಕಬಲ್ಲದು. ವಿದ್ಯುತ್ ಪದೇ ಪದೇ ಹೋಗಿ ಬರುವ ಊರುಗಳಲ್ಲಿ ಬ್ರ್ಯಾಂಡ್ ಯಾವುದಾದರೂ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು.