ಮೂರು ದಿನ ರಜೆ ಅಂತಾರೆ, ಯಾರಿಗೆ? ಬೆಂಗಳೂರಲ್ಲೇ ಉಳಿದ ಹಾಸನದ ಹುಡುಗರ ಲೆಕ್ಕ

ಹಾಸನ: ಶುಕ್ರವಾರ ಆಗಸ್ಟ್ 15, ಸ್ವಾತಂತ್ರ್ಯ ದಿನ. ಮರುದಿನ ಶನಿವಾರ ಕೃಷ್ಣ ಜನ್ಮಾಷ್ಟಮಿ. ಅದರ ಮರುದಿನ ಹೇಗೂ ಭಾನುವಾರ. ಮೂರೂ ಸೇರಿದ ಕೂಡಲೇ 'ಲಾಂಗ್ ವೀಕೆಂಡ್' ಅನ್ನೋ ಪದ ಎಲ್ಲರ ಬಾಯಲ್ಲೂ ಬಂತು. ಇಂಥ ರಜೆ ಬಂದಾಗಲೆಲ್ಲ ನಾವು ನೋಡೋ ಸುದ್ದಿ ಒಂದೇ. ನೆಲಮಂಗಲ ಟೋಲ್‌ನಲ್ಲಿ ಕಾರುಗಳ ಸಾಲು, ಸಕಲೇಶಪುರದಲ್ಲಿ ರೂಮಿಲ್ಲ, ಬೆಂಗಳೂರು ಖಾಲಿ ಖಾಲಿ.

ಖಾಲಿಯಾಗಿದ್ದು ಯಾವ ಬೆಂಗಳೂರು ಅಂತ ಒಂದ್ಸಲ ಕೇಳಿಕೊಳ್ಳಬೇಕು. ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದವರೆಗಿನ ಹೊರವರ್ತುಲ ರಸ್ತೆ ಖಾಲಿಯಾಗುತ್ತೆ, ನಿಜ. ವಾರಕ್ಕೆ ಐದು ದಿನ ಕೆಲಸ ಮಾಡೋ ಕಂಪನಿಗಳು ಇರೋದು ಅಲ್ಲೇ. ಆದರೆ ಆ ಕಂಪನಿಗಳ ಗೇಟಿನಲ್ಲಿ ಕೂರುವ ಸೆಕ್ಯೂರಿಟಿ ಗಾರ್ಡ್‌ಗೆ ಆ ಮೂರು ದಿನವೂ ಡ್ಯೂಟಿ ಇರುತ್ತೆ. ಒಳಗೆ ಯಾರೂ ಇಲ್ಲದಿದ್ದಾಗ ಗೇಟು ಕಾಯೋದು ಇನ್ನೂ ಮುಖ್ಯ, ಅಲ್ವಾ? ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ, ಮಾಲ್‌ಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ, ದರ್ಶಿನಿ ಹೋಟೆಲಿನಲ್ಲಿ ಬೆಳಿಗ್ಗೆಯಿಂದ ದೋಸೆಗೆ ಕ್ಯೂ. ಅಂದರೆ ಒಂದು ಬೆಂಗಳೂರು ರಜೆಯಲ್ಲಿ ಮಲಗಿದರೆ ಇನ್ನೊಂದು ಬೆಂಗಳೂರು ಡಬಲ್ ಕೆಲಸ ಮಾಡುತ್ತೆ. ನಮ್ಮ ಜಿಲ್ಲೆಯಿಂದ ಹೋದವರಲ್ಲಿ ಬಹಳಷ್ಟು ಜನ ಇರೋದು ಈ ಎರಡನೇ ಬೆಂಗಳೂರಿನಲ್ಲಿ.

ನನ್ನ ಜೊತೆ ಪಿಯುಸಿ ಓದಿದವರನ್ನೇ ತಗೊಳ್ಳಿ. ಡಿಗ್ರಿಗೆ ಸೇರಿ ನನ್ನ ಹಾಗೆ ಅರ್ಧಕ್ಕೆ ಬಿಟ್ಟವರೂ ಇದ್ದಾರೆ, ಪೂರ್ತಿ ಮುಗಿಸಿದವರೂ ಇದ್ದಾರೆ. ಒಬ್ಬ ಪೀಣ್ಯದಲ್ಲಿ ಗೋಡೌನ್‌ನಲ್ಲಿದ್ದಾನೆ, ಒಬ್ಬ ಬೈಕ್‌ನಲ್ಲಿ ಊಟ ತಲುಪಿಸ್ತಾನೆ, ಇನ್ನೊಬ್ಬ ಆಸ್ಪತ್ರೆಯ ಲಿಫ್ಟ್ ಹತ್ತಿರ ನಿಲ್ತಾನೆ. ಈ ವಾರ ಮೂವರಿಗೂ ಫೋನ್ ಮಾಡಿದೆ. ಮೂವರೂ ಊರಿಗೆ ಬಂದಿರಲಿಲ್ಲ.

ಮೊದಲು ರಜೆ ಅನ್ನೋ ಪದವನ್ನೇ ನೋಡೋಣ. ರಾಜ್ಯ ಸರ್ಕಾರಿ ಕಚೇರಿಗಳಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಆಗಸ್ಟ್ 16 ಮೂರನೇ ಶನಿವಾರ. ಕೃಷ್ಣ ಜನ್ಮಾಷ್ಟಮಿ ಈ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಇಲ್ಲ. ಹೀಗಾಗಿ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರಿಗೂ ಇದು ಮೂರು ದಿನದ ರಜೆ ಆಗಿರಲಿಲ್ಲ, ಮಧ್ಯೆ ಒಂದು ದಿನ ಸಿ.ಎಲ್. ಹಾಕಿದವರಿಗೆ ಮಾತ್ರ ಆಯ್ತು. ಗಾರ್ಮೆಂಟ್ಸ್‌ಗೆ ಶನಿವಾರ ಕೆಲಸದ ದಿನ. ಹೋಟೆಲು, ಮಾಲು, ಡೆಲಿವರಿಗೆ ವಾರದಲ್ಲಿ ಭಾರಿ ವ್ಯಾಪಾರ ಆಗೋದೇ ಶನಿವಾರ, ಭಾನುವಾರ. ಇಡೀ ಊರಿಗೇ ಮೂರು ದಿನ ರಜೆ ಅನ್ನೋ ಹಾಗೆ ಬರೆಯೋದು ಐದು ದಿನದ ವಾರ ಇರುವವರ ಕಣ್ಣಿಂದ ನೋಡಿದಾಗ ಮಾತ್ರ.

ಆದರೆ ಆಗಸ್ಟ್ 15ರ ವಿಷಯ ಬೇರೆ. ಅದಕ್ಕೆ ಕಾನೂನು ಇದೆ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಇದರ ಜೊತೆಗೆ ಇನ್ನೂ ಐದು ಹಬ್ಬದ ರಜೆ. ಹೆಸರಲ್ಲಿ ಕೈಗಾರಿಕೆ ಅಂತಿದ್ದರೂ ಇದು ಬರೀ ಫ್ಯಾಕ್ಟರಿಗಲ್ಲ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೂ ಅನ್ವಯ. ಆ ದಿನ ಕೆಲಸ ಮಾಡಿಸಬಾರದು ಅಂತೇನಿಲ್ಲ. ಮಾಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿ ಕೊಟ್ಟು ಬೇರೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ಎರಡರಲ್ಲಿ ಯಾವುದು ಅಂತ ಆರಿಸಿಕೊಳ್ಳೋದು ಕೆಲಸಗಾರ, ಮಾಲೀಕ ಅಲ್ಲ.

ಇದನ್ನು ಆ ಮೂವರಿಗೂ ಹೇಳಿದೆ. ಗೋಡೌನ್‌ನಲ್ಲಿರುವವನು ನಕ್ಕುಬಿಟ್ಟ. ಅವನಿಗೆ ಆ ದಿನ ಸಿಕ್ಕಿದ್ದು ಒಂದು ಬಾವುಟದ ಬ್ಯಾಡ್ಜು, ಒಂದು ಲಾಡು. ಆಸ್ಪತ್ರೆಯಲ್ಲಿರುವವನಿಗೆ ತಾನು ಯಾರ ನೌಕರ ಅನ್ನೋದೇ ಗೊತ್ತಿಲ್ಲ. ಡ್ಯೂಟಿ ಹಾಕೋದು ಆಸ್ಪತ್ರೆ, ಸಂಬಳ ಹಾಕೋದು ಏಜೆನ್ಸಿ, ರಜೆ ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ. ಈ ಕಾನೂನು ಸೋಲುವ ಜಾಗ ಇದೇ ಅಂತ ನನಗನ್ನಿಸುತ್ತೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಎಲ್ಲವೂ ಗುತ್ತಿಗೆಗೆ ಹೋದ ಮೇಲೆ ಕೇಳೋಕೆ ಒಂದು ಟೇಬಲ್ಲೇ ಇಲ್ಲದಂತಾಗಿದೆ.

ಇನ್ನು ಡೆಲಿವರಿ ಹುಡುಗ. ಕಂಪನಿ ಲೆಕ್ಕದಲ್ಲಿ ಅವನು ನೌಕರನೇ ಅಲ್ಲ, 'ಪಾರ್ಟ್ನರ್'. ಪಾರ್ಟ್ನರ್‌ಗೆ ರಜೆ ಎಲ್ಲಿಂದ ಬರಬೇಕು? ಗಿಗ್ ಕಾರ್ಮಿಕರಿಗಾಗಿ ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದಿತು. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ವಸೂಲಿ ಮಾಡಿ ಕಲ್ಯಾಣ ನಿಧಿಗೆ ಹಾಕುವ ವ್ಯವಸ್ಥೆ ಅದು. ಒಳ್ಳೇದೇ. ಆದರೆ ಅದರ ಗುರಿ ಸಾಮಾಜಿಕ ಭದ್ರತೆ, ಹಬ್ಬದ ದಿನದ ಡಬಲ್ ಕೂಲಿ ಅಲ್ಲ. ಅವನು ಹೇಳೋ ಪ್ರಕಾರ ರಜೆ ದಿನ ಆರ್ಡರ್ ಜಾಸ್ತಿ, ಇನ್ಸೆಂಟಿವ್ ಜಾಸ್ತಿ, ಅದನ್ನು ಬಿಟ್ಟು ಊರಿಗೆ ಬಂದರೆ ಆ ವಾರದ ಬೈಕ್ ಕಂತು ಕಟ್ಟೋದು ಕಷ್ಟ. ಯಾರೂ ಅವನನ್ನು ಹಿಡಿದಿಟ್ಟುಕೊಂಡಿಲ್ಲ, ಆದ್ರೂ ಬರೋಕಾಗಲ್ಲ. ಪಿ.ಜಿ.ಯಲ್ಲಿ ರಜೆ ಅಂತ ಮಧ್ಯಾಹ್ನದ ಅಡುಗೆ ಮಾಡಿರಲಿಲ್ಲವಂತೆ. ಊರಿಗೆಲ್ಲ ಊಟ ತಲುಪಿಸಿ ತಾನು ಬೇಕರಿಯಲ್ಲಿ ಪಫ್ಸ್ ತಿಂದಿದ್ದ.

ಬರದೇ ಇರೋದಕ್ಕೆ ಇನ್ನೊಂದು ಕಾರಣ ಇದೆ, ಅದು ಕ್ಯಾಲೆಂಡರ್. ಆಗಸ್ಟ್ 26 ಗೌರಿ, 27 ಬುಧವಾರ ಗಣೇಶ. ಮುಂದಿನ ತಿಂಗಳು ಪಿತೃಪಕ್ಷ. ತಿಂಗಳಿಗೆ ಒಂದೋ ಎರಡೋ ರಜೆ ಸಿಗುವವನು ಆಗಸ್ಟ್ 15ಕ್ಕೆ ಅದನ್ನು ಖರ್ಚು ಮಾಡಲ್ಲ. ತಂಗಿಗೆ ಬಾಗಿನ ಕೊಡೋಕೆ ಬರಬೇಕು, ಎಡೆ ಇಡೋಕೆ ಬರಬೇಕು. ಸ್ವಾತಂತ್ರ್ಯ ದಿನವನ್ನು ಬಿಟ್ಟುಕೊಟ್ಟು ಗೌರಿ ಹಬ್ಬ ಉಳಿಸಿಕೊಳ್ಳೋದು, ಲೆಕ್ಕ ಇಷ್ಟೇ.

ಹಾಗಾದರೆ ಬಂದವರು ಯಾರು? ಕಾರಿನವರನ್ನು ಬಿಟ್ಟರೆ ನನಗೆ ಹೆಚ್ಚು ಕಂಡಿದ್ದು ಹೆಣ್ಣುಮಕ್ಕಳು. ಪೀಣ್ಯ, ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಕೆಲಸದವರು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈನಲ್ಲಿ 500 ಕೋಟಿ ಪ್ರಯಾಣ ಪೂರ್ತಿಯಾಯ್ತು ಅಂತ ಸರ್ಕಾರ ಸಂಭ್ರಮಿಸಿತು. ಆ ದೊಡ್ಡ ಸಂಖ್ಯೆಗಿಂತ ನನಗೆ ಮುಖ್ಯ ಅನ್ನಿಸೋದು ಬೇರೆ. ಮೊದಲೆಲ್ಲ ಒಂದು ರಾತ್ರಿಗೋಸ್ಕರ ಹೋಗಿ ಬರೋ ಚಾರ್ಜು ಯಾಕೆ ದಂಡ ಅಂತಿದ್ದವರು ಈಗ ಒಂದೇ ರಾತ್ರಿಗೂ ಬರ್ತಾರೆ. ಗುರುವಾರ ಶಿಫ್ಟ್ ಮುಗಿಸಿ ಬಸ್ ಹತ್ತಿ, ಶುಕ್ರವಾರ ಅಮ್ಮನ ಜೊತೆ ಇದ್ದು, ಶನಿವಾರ ಬೆಳಗಿನ ಜಾವ ಮತ್ತೆ ಬೆಂಗಳೂರಿಗೆ. ಮೂರು ದಿನದ ರಜೆ ಅವರಿಗೆ ಒಂದು ದಿನ, ಆದರೂ ಬಂದರು.

ಇದರ ಇನ್ನೊಂದು ಮುಖವನ್ನೂ ಬರೆಯಬೇಕು. ಶಕ್ತಿ ನಡೆಯೋದು ಸಾಮಾನ್ಯ, ವೇಗದೂತ ಬಸ್‌ಗಳಲ್ಲಿ. ರಾಜಹಂಸ, ಎಸಿ, ಸ್ಲೀಪರ್‌ಗೆ ಇಲ್ಲ. ರಜೆ ಹಿಂದಿನ ಸಂಜೆ ವೇಗದೂತ ಬಸ್ಸು ಮೆಜೆಸ್ಟಿಕ್‌ನಲ್ಲೇ ತುಂಬಿ ಹೊರಡುತ್ತೆ. ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, 8ನೇ ಮೈಲಿಯಲ್ಲಿ ಕಾಯುವವರಿಗೆ ಬಾಗಿಲಲ್ಲಿ ನಿಲ್ಲೋಕೂ ಜಾಗ ಇರಲ್ಲ. ಕೆಲಸ ಮಾಡೋ ಜಾಗ ಪೀಣ್ಯ ಆದ್ದರಿಂದ ಅವರು ವಾಪಸ್ ಮೆಜೆಸ್ಟಿಕ್‌ಗೆ ಹೋಗಿ ಹತ್ತಲ್ಲ, ಅಲ್ಲೇ ಕಾಯ್ತಾರೆ. ಹೆಚ್ಚುವರಿ ಬಸ್ ಬಿಡುವಾಗ ಒಂದಷ್ಟನ್ನು ಗೊರಗುಂಟೆಪಾಳ್ಯದಿಂದಲೇ ಖಾಲಿಯಾಗಿ ಹೊರಡಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಅಂದ ಹಾಗೆ ಆ ಬಸ್ಸಿನ ಡ್ರೈವರ್, ಕಂಡಕ್ಟರ್‌ಗೂ ರಜೆ ಇಲ್ಲ. ಹತ್ತು ದಿನ ಮೊದಲು, ಆಗಸ್ಟ್ 5ಕ್ಕೆ ಸಂಬಳದ ಬಾಕಿಗಾಗಿ ಮುಷ್ಕರ ಮಾಡಿದ್ದವರು ಇವರೇ.

ನಿಲ್ಲೋಕಾಗದ ಗಂಡಸರು ಖಾಸಗಿ ಬಸ್ ಹಿಡೀತಾರೆ. ಮಂಗಳೂರು, ಧರ್ಮಸ್ಥಳಕ್ಕೆ ಹೋಗೋ ಸ್ಲೀಪರ್‌ನಲ್ಲಿ ಹಾಸನಕ್ಕೆ ಇಳಿದರೂ ಎಷ್ಟೋ ಸಲ ಪೂರ್ತಿ ದೂರದ ದುಡ್ಡು ಕೊಡಬೇಕು. ಪ್ರತಿ ಹಬ್ಬಕ್ಕೂ ದರ ಏರುತ್ತೆ, ಪ್ರತಿ ಹಬ್ಬಕ್ಕೂ ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತೆ. ಮಾಲೀಕರ ವಾದ, ನಮ್ಮದು ಒಪ್ಪಂದ ವಾಹನದ ಪರ್ಮಿಟ್, ಸ್ಟೇಜ್ ಕ್ಯಾರೇಜ್ ಅಲ್ಲ, ದರ ನಮ್ಮಿಷ್ಟ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಓದಿದರೆ, ಒಪ್ಪಂದ ವಾಹನಗಳಿಗೂ ಕನಿಷ್ಠ, ಗರಿಷ್ಠ ದರ ನಿಗದಿ ಮಾಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಆಟೊಗೆ ಮೀಟರ್ ದರ ಇದೆ, ಟ್ಯಾಕ್ಸಿಗೆ ದರಪಟ್ಟಿ ಇದೆ. ಸ್ಲೀಪರ್ ಬಸ್ಸಿಗೆ ಮಾತ್ರ ಎಚ್ಚರಿಕೆ ಯಾಕೆ? ನಮ್ಮ ಜಿಲ್ಲೆಯ ಶಾಸಕರಲ್ಲಿ ಯಾರಾದರೂ ಸದನದಲ್ಲಿ ಇದನ್ನು ಕೇಳಲಿ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ರೈಲು ಮಾರ್ಗ ಬಂದಿದೆ. ರಜೆ ಹಿಂದಿನ ಸಂಜೆಗೆ ಒಂದು ವಿಶೇಷ ರೈಲು ಬಿಡಿ ಅಂತ ಸಂಸದರು ಕೇಳಬಹುದು.

ಬಂದವರು ಇಲ್ಲಿ ಕಾಲು ಚಾಚಿ ಮಲಗಿದ್ದರು ಅಂತಲೂ ಅಂದ್ಕೋಬೇಡಿ. ಇದು ಆಲೂಗಡ್ಡೆ ಕೀಳುವ ಕಾಲ. ಅರಕಲಗೂಡು ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ರಾತ್ರಿಯೆಲ್ಲ ಸೌದೆ ಹಾಕುವ ಕಾಲ. ಆಳು ಸಿಗಲ್ಲ, ಸಿಕ್ಕರೂ ಕೂಲಿ ದುಬಾರಿ. ಹಾಗಾಗಿ ಮಗ ರಜೆಗೆ ಬರ್ತಾನೆ ಅಂದ್ರೆ ಅಪ್ಪ ಕೆಲಸವನ್ನು ಆ ದಿನಕ್ಕೇ ಇಟ್ಟಿರ್ತಾನೆ. ಆಚೆ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳು ಹೋಂಸ್ಟೇ ಹುಡುಕ್ತಾ ಹೋಗ್ತಿದ್ದರೆ, ಈಚೆ ಹೊಲದಲ್ಲಿ ಬೆಂಗಳೂರಿನಿಂದಲೇ ಬಂದವನು ಮೂಟೆ ಹೊಲೀತಿರ್ತಾನೆ.

ಭಾನುವಾರ ರಾತ್ರಿ ಹಾಸನ ನಿಲ್ದಾಣದಲ್ಲಿ ಇವರೆಲ್ಲ ಮತ್ತೆ ಸೇರ್ತಾರೆ, ಕೈಯಲ್ಲಿ ತೆಂಗಿನಕಾಯಿ, ರಾಗಿಹಿಟ್ಟಿನ ಚೀಲ. ಇಂಥವರಿಗಾಗಿಯೇ 2025ರ ಜನವರಿಯಿಂದ ಸೋಮವಾರ ಮಾತ್ರ ನೇರಳೆ, ಹಸಿರು ಮೆಟ್ರೊ ಬೆಳಗಿನ 4.15ಕ್ಕೇ ಶುರುವಾಗುತ್ತೆ. ಬೊಮ್ಮಸಂದ್ರದ ಫ್ಯಾಕ್ಟರಿಗೆ ಹೋಗುವವರಿಗೆ ಆಗಸ್ಟ್ 10ಕ್ಕೆ ಉದ್ಘಾಟನೆಯಾದ ಹಳದಿ ಮಾರ್ಗವೂ ಇದೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಓಡ್ತಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಪಂಚಿಂಗ್ ಲೇಟು, ಅರ್ಧ ದಿನದ ಸಂಬಳ ಕಟ್.