ಮೇಲೆ ಥಳುಕು, ಒಳಗೆ ಹುಳುಕು

ಸಿಯಾಟಲ್‌ನ ಗೆಳೆಯನೊಬ್ಬ ಹಳೇ ಗ್ರ್ಯಾಂಡ್ ಬ್ಯಾಂಕ್ಸ್ ಮೋಟಾರ್ ಯಾಟ್ ಕೊಂಡಿದ್ದಾನೆ. 1973ರಲ್ಲಿ ಆ ಕಂಪನಿ ಫೈಬರ್‌ಗ್ಲಾಸಿಗೆ ಹೋಗೋ ಮುಂಚಿನ ಮರದ ದೋಣಿ, ಒಳಗೆಲ್ಲಾ ತೇಗ. ರಿಪೇರಿಗೆ ದಡಕ್ಕೆ ಎತ್ತಿಸಿದ್ದಾನೆ, ವಾರಾಂತ್ಯದಲ್ಲಿ ನಾನೂ ಕೈ ಜೋಡಿಸ್ತೀನಿ.

ಶುರುವಾಗಿದ್ದೇ ಜಗಳದಿಂದ. ಅವನಿಗೆ ಮೊದಲು ವಾರ್ನಿಶ್ ಹೊಡೀಬೇಕು, ನನಗೆ ಮೊದಲು ಪೈಪು ನೋಡಬೇಕು. ಕೊನೆಗೂ ನೆಲದ ಹಲಗೆ ಎತ್ತಿದ್ವಿ. ಸಮುದ್ರದ ನೀರು ಒಳಗೆ ಬಿಡೋ ವಾಲ್ವೊಂದು ಗುಲಾಬಿ ಬಣ್ಣಕ್ಕೆ ತಿರುಗಿತ್ತು! ಹಿಂದೆ ಯಾರೋ ಕಂಚಿನ ಬದಲು ಹಿತ್ತಾಳೆಯದ್ದು ಕೂರಿಸಿದ್ರು. ಉಪ್ಪುನೀರಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಸ್ಪಂಜಿನಂಥ ತಾಮ್ರ ಉಳಿಯುತ್ತೆ. ಸ್ಕ್ರೂಡ್ರೈವರ್‌ನಿಂದ ಕೆರೆದ್ರೆ ಪುಡಿಪುಡಿ ಉದುರ್ತು. ಅದಿರೋದು ನೀರಿನ ಮಟ್ಟಕ್ಕಿಂತ ಕೆಳಗೆ. ನೀರಲ್ಲಿದ್ದಾಗ ಮುರಿದಿದ್ರೆ ದೋಣಿ ಕಟ್ಟಿದ ಜಾಗದಲ್ಲೇ ಮುಳುಗ್ತಿತ್ತು. ಇವನು ರಾತ್ರಿ ಮಲಗ್ತಿದ್ದಿದ್ದು ಅದರೊಳಗೇ.

ಅದಕ್ಕೇ ನಾನು ಹೇಳೋದು: ಮೊದಲು ವಾಲ್ವು-ಪೈಪು, ಆಮೇಲೆ ಕಿಟಕಿಯ ಸೋರಿಕೆ, ವಾರ್ನಿಶ್ ಕಟ್ಟಕಡೆಗೆ. ತೇಗದ ಹಿಂದೆ ನೀರಿಳೀತಿದ್ರೆ ಎಷ್ಟು ಕೋಟ್ ಬಳಿದ್ರೂ ಕಪ್ಪು ಕಲೆ ಮತ್ತೆ ಬರುತ್ತೆ. ಇನ್ನೊಂದು, ಪೈಪು ಮುಚ್ಚೋ ಹಲಗೆಗೆ ಅಂಟು ಬೇಡ, ಸ್ಕ್ರೂ ಹಾಕಿ. ಸ್ಕ್ರೂ ತಲೆ ಕಾಣಿಸಿದ್ರೆ ಚೆಂದ ಕೆಡುತ್ತೆ ಅಂತಾನೆ ಗೆಳೆಯ. ಕೆಡಲಿ ಬಿಡಿ, ಮುಂದೆ ರಿಪೇರಿ ಮಾಡೋನಿಗೆ ಕೈ ಹೋಗ್ಬೇಕಲ್ವಾ?

ಬಗ್ ಹಾಗೇ ಬಿಟ್ಟು ಸ್ಕ್ರೀನಿಗೆ ಬಣ್ಣ ಬಳಿಯೋ ನಮ್ಮ ಜನಕ್ಕೂ ಇದೇ ಮಾತು. ನೀವೇನಂತೀರಿ?