ಕೀಲು ತಿಳಿದವಳು

ಕಾರು ಓಡಿಸುವ ಹೆಂಗಸನ್ನು ಈಗ ಯಾರೂ ಬೆರಗಾಗಿ ನೋಡುವುದಿಲ್ಲ. ಅವಳೇ ಕಾರಿನ ಕೆಳಗೆ ಬಗ್ಗಿದರೆ ಮಾತ್ರ, "ನಿಮಗ್ಯಾಕ್ರೀ ಮೇಡಂ, ಯಜಮಾನ್ರನ್ನ ಕಳ್ಸಿ" ಎನ್ನುತ್ತಾರೆ.

ನನ್ನದು ಹಳೆಯ ಮಾರುತಿ 800. 2014ರಲ್ಲೇ ಅದರ ತಯಾರಿಕೆ ನಿಂತಿತು. ಸ್ಟೇರಿಂಗ್ ಸಡಿಲವಾದಾಗ ಗ್ಯಾರೇಜಿನವರು ಇಡೀ ಸ್ಟೇರಿಂಗ್ ಬಾಕ್ಸ್ ಬದಲಿಸಬೇಕೆಂದರು. ನಾನು ಮುಂದಿನ ಚಕ್ರವನ್ನು ಎತ್ತಿಸಿ, ಎಡಬಲ ಹಿಡಿದು ಅಲ್ಲಾಡಿಸಿದೆ. ಸವೆದದ್ದು ಟೈ ರಾಡ್ ಎಂಡ್, ಸ್ಟೇರಿಂಗಿನ ಸರಳನ್ನು ಚಕ್ರಕ್ಕೆ ಜೋಡಿಸುವ ಪುಟ್ಟ ಕೀಲು, ಅಷ್ಟೆ.

ಮನೆಯಲ್ಲೇ ಬದಲಿಸಿದೆ. ಜಾಕೊಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟೆ. ಹಳೆಯದು ಎಷ್ಟು ಸುತ್ತಿಗೆ ಬಿಚ್ಚಿತೋ ಅಷ್ಟೇ ಸುತ್ತು ಹೊಸದನ್ನು ತಿರುಗಿಸಿದೆ. ನಟ್ಟು ಬಿಗಿದು ಹೊಸ ಪಿನ್ನು ತೊಡಿಸಿದೆ. ವೀಲ್ ಅಲೈನ್‌ಮೆಂಟಿಗೆ ಮಾತ್ರ ಹೊರಗೆ ಹೋದೆ; ಅದಕ್ಕೆ ಯಂತ್ರ ಬೇಕು.

"ಅಪಾಯದ ಕೆಲಸವಲ್ಲವೇ?" ಎನ್ನುವವರಿದ್ದಾರೆ. ಕುಕ್ಕರಿನ ಸೇಫ್ಟಿ ವಾಲ್ವು, ಗ್ಯಾಸ್ ಸಿಲಿಂಡರಿನ ವಾಷರ್ ನೋಡಿಕೊಳ್ಳುವುದು ಅಪಾಯವಲ್ಲವೇ? ಅದನ್ನು ನಮಗೆ ಒಪ್ಪಿಸುವಾಗ ಯಾರೂ ಯಜಮಾನರನ್ನು ಕೂಗಲಿಲ್ಲ!

ಎಲ್ಲರೂ ಸ್ಪ್ಯಾನರ್ ಹಿಡಿಯಬೇಕೆಂದು ನನ್ನ ಹಟವಿಲ್ಲ. ಆದರೆ ಯಾವ ಕೀಲು ಸವೆದಿದೆಯೆಂದು ತಿಳಿದವಳಿಗೆ ಇಲ್ಲದ ರಿಪೇರಿ ಹೇಳಿ ದುಡ್ಡು ಕೀಳುವುದು ಸುಲಭವಲ್ಲ. ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಗಾಡಿ ಯಾವುದರ ಮೇಲೆ ತಿರುಗುತ್ತದೆಂಬುದು, ಅದನ್ನು ಓಡಿಸುವ ನಮಗೇ ಮೊದಲು ಗೊತ್ತಿರಬೇಕು.